ಬರಿಗಾಲಿನ ನಡಿಗೆ: ಪ್ರಯೋಜನಗಳು, ತಪ್ಪು ಕಲ್ಪನೆಗಳು ಮತ್ತು ಮುನ್ನೆಚ್ಚರಿಕೆಗಳು

ಪೀಠಿಕೆ

ಮನೆಯೊಳಗೆ, ದೇವಾಲಯದಲ್ಲಿ, ಕಣದಲ್ಲಿ, ಗದ್ದೆಯಲ್ಲಿ ಬರಿಗಾಲಿನಲ್ಲಿರುವುದು ನಮ್ಮ ನಾಡಿನ ಜನರಿಗೆ ಹೊಸದಲ್ಲ. ಪಾದರಕ್ಷೆಗೆ ಕೆರ, ಮೆಟ್ಟು, ಎಕ್ಕಡ, ಜೋಡು, ಹಾವುಗೆ ಎಂಬ ಹಲವು ಹೆಸರುಗಳು ಕನ್ನಡದಲ್ಲಿವೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುವ ಪದ್ಧತಿಯೂ ಅಷ್ಟೇ ಹಳೆಯದು. ಆದರೆ ಇತ್ತೀಚಿನ ವರ್ಷಗಳಲ್ಲಿ ಬರಿಗಾಲಿನ ನಡಿಗೆಯ ಬಗ್ಗೆ ಎರಡು ವಿರುದ್ಧ ಅಭಿಪ್ರಾಯಗಳು ಹರಡಿವೆ. ಬರಿಗಾಲಿನಲ್ಲಿ ನಡೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ದೃಷ್ಟಿದೋಷಗಳು ಗುಣವಾಗುತ್ತವೆ ಎಂಬುದು ಒಂದು. ಬರಿಗಾಲು ಅನಾರೋಗ್ಯಕ್ಕೂ ಹಿಂದುಳಿದಿರುವಿಕೆಗೂ ಗುರುತು ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಆರೋಗ್ಯವಂತ ವ್ಯಕ್ತಿಗೆ ಸುರಕ್ಷಿತ ಸ್ಥಳದಲ್ಲಿ ಬರಿಗಾಲಿನ ನಡಿಗೆ ಹಿತಕರವಾಗಿರುತ್ತದೆ. ಅದೇ ನಡಿಗೆ ಕೆಲವರಿಗೆ ಕಾಲನ್ನೇ ಕಳೆದುಕೊಳ್ಳುವ ಅಪಾಯವನ್ನು ತರಬಲ್ಲದು. ಈ ವ್ಯತ್ಯಾಸವನ್ನು ಸಾರ್ವಜನಿಕರು ತಿಳಿದುಕೊಳ್ಳಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

1. ಪಾದದ ರಚನೆ

ಮನುಷ್ಯನ ಪ್ರತಿಯೊಂದು ಪಾದದಲ್ಲಿ 26 ಮೂಳೆಗಳು ಮತ್ತು 33 ಕೀಲುಗಳಿವೆ. ಇವುಗಳನ್ನು 100ಕ್ಕೂ ಹೆಚ್ಚು ಸ್ನಾಯು, ಸ್ನಾಯುರಜ್ಜು ಮತ್ತು ಅಸ್ಥಿರಜ್ಜುಗಳು ಹಿಡಿದಿಟ್ಟಿರುತ್ತವೆ. ಪಾದದ ಒಳಭಾಗದಲ್ಲಿ ಕಾಣುವ ಕಮಾನು ಹುಟ್ಟಿನಿಂದಲೇ ಪೂರ್ಣವಾಗಿ ರೂಪುಗೊಂಡಿರುವುದಿಲ್ಲ. ಎಳೆಯ ಮಕ್ಕಳ ಪಾದ ಚಪ್ಪಟೆಯಾಗಿ ಕಾಣುವುದು ಸಹಜ. ಮಗು ನಡೆದು, ಓಡಿ, ಕುಣಿದು ಬೆಳೆದಂತೆ ಬಾಲ್ಯದಲ್ಲಿ ಕಮಾನು ಕ್ರಮೇಣ ಮೂಡುತ್ತದೆ.

ಅಂಗಾಲಿನ ಚರ್ಮ ದೇಹದ ಇತರ ಭಾಗಗಳ ಚರ್ಮಕ್ಕಿಂತ ದಪ್ಪವಾಗಿದೆ. ಅದರಲ್ಲಿ ಕೂದಲಾಗಲೀ ಎಣ್ಣೆಯ ಗ್ರಂಥಿಗಳಾಗಲೀ ಇಲ್ಲ. ಬೆವರಿನ ಗ್ರಂಥಿಗಳು ಮಾತ್ರ ಹೇರಳವಾಗಿವೆ. ಆದುದರಿಂದ ತೆರೆದಿಟ್ಟ ಅಂಗಾಲು ಒಣಗಿ ಹಿಮ್ಮಡಿ ಬಿರಿಯುತ್ತದೆ, ಮುಚ್ಚಿಟ್ಟ ಪಾದ ಬೆವರಿನಿಂದ ಒದ್ದೆಯಾಗುತ್ತದೆ. ಸ್ಪರ್ಶ, ಒತ್ತಡ, ಶಾಖ ಮತ್ತು ನೋವನ್ನು ಗ್ರಹಿಸುವ ನರತುದಿಗಳು ಅಂಗಾಲಿನಲ್ಲಿ ವಿಪುಲವಾಗಿವೆ. ನೆಲದ ಏರುತಗ್ಗುಗಳ ಸೂಚನೆ ಇವುಗಳ ಮೂಲಕ ಮಿದುಳಿಗೆ ತಲುಪುತ್ತದೆ, ದೇಹ ಅದಕ್ಕೆ ತಕ್ಕಂತೆ ಸಮತೋಲನವನ್ನು ಸರಿಪಡಿಸಿಕೊಳ್ಳುತ್ತದೆ. ಮುಂದೆ ವಿವರಿಸಿರುವ ಪ್ರಯೋಜನ ಮತ್ತು ಅಪಾಯಗಳೆರಡಕ್ಕೂ ಈ ನೋವಿನ ಅರಿವೇ ಮುಖ್ಯ ಆಧಾರವಾಗಿದೆ.

2. ಬರಿಗಾಲಿನ ನಡಿಗೆಯ ಪ್ರಯೋಜನಗಳು

(ಅ) ಮಕ್ಕಳ ಪಾದದ ಬೆಳವಣಿಗೆ: ಈ ವಿಷಯದಲ್ಲಿ ಜಗತ್ತಿನಾದ್ಯಂತ ಉಲ್ಲೇಖಿಸಲಾಗುವ ಒಂದು ಅಧ್ಯಯನ ನಡೆದಿರುವುದು ಕರ್ನಾಟಕದ ಕರಾವಳಿಯಲ್ಲಿ. ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ಧರಿಸುತ್ತಿದ್ದ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು. ಬರಿಗಾಲಿನಲ್ಲಿ ಬೆಳೆಯುತ್ತಿದ್ದ ಮಕ್ಕಳಲ್ಲಿ ಈ ಪ್ರಮಾಣ ಶೇ. 2.8 ಮಾತ್ರ. ಬೆರಳುಗಳನ್ನು ಮುಚ್ಚುವ ಶೂ ಧರಿಸುವವರಲ್ಲಿ ಚಪ್ಪಟೆ ಪಾದ ಅತಿ ಹೆಚ್ಚಾಗಿಯೂ, ಸ್ಯಾಂಡಲ್ ಅಥವಾ ಚಪ್ಪಲಿ ಧರಿಸುವವರಲ್ಲಿ ಅದಕ್ಕಿಂತ ಕಡಿಮೆಯಾಗಿಯೂ ಕಂಡುಬಂದಿತು. ನಡೆಯಲು ಕಲಿಯುತ್ತಿರುವ ಮಗುವಿಗೆ ಮನೆಯೊಳಗೆ ಶೂ ಅಗತ್ಯವಿಲ್ಲ ಎಂದು ಮಕ್ಕಳ ತಜ್ಞರು ಹೇಳುವುದಕ್ಕೆ ಇಂತಹ ಅಧ್ಯಯನಗಳೇ ಆಧಾರ.

(ಆ) ಬೆರಳುಗಳ ಸಹಜ ಸ್ಥಾನ: ಮುಂಭಾಗ ಕಿರಿದಾದ ಶೂಗಳನ್ನು ವರ್ಷಗಟ್ಟಲೆ ಧರಿಸಿದರೆ ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲುತ್ತದೆ, ಅದರ ಬುಡದ ಮೂಳೆ ಹೊರಕ್ಕೆ ಉಬ್ಬುತ್ತದೆ. ಹಾಂಗ್‌ಕಾಂಗ್‌ನ ಚೀನೀ ಜನರಲ್ಲಿ ನಡೆಸಿ 1958ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶೂ ಧರಿಸುವವರಲ್ಲಿ ಶೇ. 33ರಷ್ಟು ಮಂದಿಗೆ ಈ ವಿಕಾರವಿದ್ದರೆ ಧರಿಸದವರಲ್ಲಿ ಸುಮಾರು ಶೇ. 2ರಷ್ಟು ಮಂದಿಗೆ ಮಾತ್ರ ಇತ್ತು. ದಕ್ಷಿಣ ಭಾರತದ ಬರಿಗಾಲಿನ ನಡಿಗೆಗಾರರನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವು, ಅವರ ಪಾದದ ಮುಂಭಾಗ ಹೆಚ್ಚು ಅಗಲವಾಗಿದ್ದು ನಡೆಯುವಾಗ ದೇಹದ ಭಾರ ಅಂಗಾಲಿನ ಮೇಲೆ ಹೆಚ್ಚು ಸಮನಾಗಿ ಹಂಚಿಕೆಯಾಗುತ್ತದೆ ಎಂದು ತೋರಿಸಿತು.

(ಇ) ಸ್ನಾಯುಗಳ ಬಲ: ಮೆತ್ತನೆಯ ದಪ್ಪ ಅಡಿಯ ಶೂಗಳಲ್ಲಿ ಪಾದದ ಸಣ್ಣ ಸ್ನಾಯುಗಳಿಗೆ ಕೆಲಸ ಕಡಿಮೆ. ಬರಿಗಾಲನ್ನು ಹೋಲುವಷ್ಟು ತೆಳುವಾದ, ಬಳುಕುವ ಪಾದರಕ್ಷೆಯನ್ನು 6 ತಿಂಗಳು ದಿನನಿತ್ಯದ ಓಡಾಟದಲ್ಲಿ ಬಳಸಿದವರ ಪಾದದ ಬಲ ಸರಾಸರಿ ಶೇ. 57ರಷ್ಟು ಹೆಚ್ಚಿತೆಂದು ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ವರದಿ ಮಾಡಿದರು.

(ಈ) ಮಂಡಿಯ ಮೇಲಿನ ಹೊರೆ: ಮಂಡಿ ಸವೆತವಿರುವ 75 ಮಂದಿಯ ನಡಿಗೆಯನ್ನು ಅಮೆರಿಕದ ಷಿಕಾಗೊದಲ್ಲಿ ಅಳೆದು 2006ರಲ್ಲಿ ವರದಿ ಪ್ರಕಟಿಸಲಾಯಿತು. ಅವರು ದಿನವೂ ಧರಿಸುವ ಶೂಗಳಿಗಿಂತ ಬರಿಗಾಲಿನಲ್ಲಿ ನಡೆದಾಗ ಮಂಡಿಯ ಒಳಭಾಗಕ್ಕೆ ಬೀಳುವ ಹೊರೆಯ ಅಳತೆ ಸುಮಾರು ಶೇ. 12ರಷ್ಟು ಕಡಿಮೆ ಇತ್ತು. ಇದು ಹೊರೆ ಕಡಿಮೆಯಾಗುತ್ತದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಸವೆದ ಮಂಡಿ ಇದರಿಂದ ಗುಣವಾಗುತ್ತದೆ ಎಂದು ಭಾವಿಸತಕ್ಕದ್ದಲ್ಲ.

(ಉ) ಚರ್ಮದ ಆರೋಗ್ಯ: ಬೆಚ್ಚಗೆ ಬೆವರುವ ಮುಚ್ಚಿದ ಶೂಗಳಲ್ಲಿ ಬೆರಳುಗಳ ಸಂದಿಗೆ ಶಿಲೀಂಧ್ರದ ಸೋಂಕು ಸುಲಭವಾಗಿ ತಗಲುತ್ತದೆ. ದಿನದ ಕೆಲ ಹೊತ್ತು ಪಾದಗಳನ್ನು ಗಾಳಿಗೆ ತೆರೆದಿಟ್ಟು ಒಣಗಿಸುವುದರಿಂದ ಇದನ್ನು ತಡೆಗಟ್ಟಬಹುದು. ಬಿಗಿಯಾದ ಪಾದರಕ್ಷೆಯ ಒತ್ತಡದಿಂದ ಏಳುವ ಆಣಿಗಳೂ ಕಡಿಮೆಯಾಗುತ್ತವೆ.

3. ಬರಿಗಾಲಿನಿಂದ ಉಂಟಾಗಬಹುದಾದ ಅಪಾಯಗಳು

(ಅ) ಕೊಕ್ಕೆಹುಳು: ಬಯಲಿನಲ್ಲಿ ಮಲವಿಸರ್ಜನೆ ಮಾಡಿದಾಗ ಸೋಂಕಿತರ ಮಲದಲ್ಲಿರುವ ಕೊಕ್ಕೆಹುಳುವಿನ ಮೊಟ್ಟೆಗಳು ತೇವ ಹಾಗೂ ನೆರಳಿರುವ ಮಣ್ಣಿನಲ್ಲಿ ಒಡೆಯುತ್ತವೆ. ಕೆಲವೇ ದಿನಗಳಲ್ಲಿ ಮರಿಗಳು ಸೋಂಕು ತಗಲಿಸುವ ಹಂತಕ್ಕೆ ಬೆಳೆದು ಬರಿಗಾಲಿನ ಚರ್ಮವನ್ನು ಭೇದಿಸಿ ಒಳಸೇರುತ್ತವೆ. ಈಜಿಪ್ಟಿನ ಕೈರೋದಲ್ಲಿದ್ದ ಜರ್ಮನ್ ವಿಜ್ಞಾನಿ ಆರ್ಥರ್ ಲೂಸ್ ಅವರ ಕೈಮೇಲೆ ಹುಳುಮರಿಗಳಿದ್ದ ನೀರು ಆಕಸ್ಮಿಕವಾಗಿ ಚೆಲ್ಲಿ, ಕೆಲಕಾಲದ ನಂತರ ಅವರಿಗೇ ಸೋಂಕು ತಗಲಿದಾಗ ಈ ಸಂಗತಿ 19ನೇ ಶತಮಾನದ ಕೊನೆಯಲ್ಲಿ ತಿಳಿದುಬಂದಿತು. ಒಳಹೊಕ್ಕ ಮರಿಗಳು ರಕ್ತದ ಮೂಲಕ ಶ್ವಾಸಕೋಶಕ್ಕೂ, ಅಲ್ಲಿಂದ ಗಂಟಲಿಗೂ ಬಂದು, ನುಂಗಲ್ಪಟ್ಟು ಸಣ್ಣ ಕರುಳನ್ನು ಸೇರಿ ರಕ್ತ ಹೀರುತ್ತವೆ. ಪರಿಣಾಮವಾಗಿ ರಕ್ತಹೀನತೆ, ನಿಶ್ಶಕ್ತಿ, ಮಕ್ಕಳಲ್ಲಿ ಬೆಳವಣಿಗೆಯ ಕುಂಠಿತ ಮತ್ತು ಗರ್ಭಿಣಿಯರಲ್ಲಿ ತೊಡಕುಗಳು ಉಂಟಾಗುತ್ತವೆ. 2015ರಿಂದ ಆಚರಿಸಲಾಗುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಅಂಗನವಾಡಿ ಮತ್ತು ಶಾಲೆಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ಮಾತ್ರೆ, ಶೌಚಾಲಯ ಮತ್ತು ಪಾದರಕ್ಷೆ ಈ ಮೂರೂ ಸೇರಿದಾಗ ಮಾತ್ರ ಸೋಂಕು ನಿಲ್ಲುತ್ತದೆ.

(ಆ) ಧನುರ್ವಾಯು: ಮಣ್ಣು, ಸಗಣಿ ಮತ್ತು ಗೊಬ್ಬರದಲ್ಲಿರುವ ರೋಗಾಣುಗಳು ಮುಳ್ಳು, ಮೊಳೆ ಅಥವಾ ಗಾಜು ಚುಚ್ಚಿದ ಆಳವಾದ ಗಾಯದ ಮೂಲಕ ದೇಹವನ್ನು ಸೇರುತ್ತವೆ. ರೋಗ ಬಂದ ನಂತರ ಉಳಿಸುವುದು ಕಷ್ಟ. ಲಸಿಕೆಯಿಂದ ತಡೆಯುವುದು ಸುಲಭ.

(ಇ) ಹಾವು ಕಡಿತ: ಹಾವು ಕಡಿತದಿಂದ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಸಾವನ್ನಪ್ಪುತ್ತಿದ್ದರೆಂದು 2000ದಿಂದ 2019ರವರೆಗಿನ ಅವಧಿಯ ಅಂದಾಜು ತಿಳಿಸುತ್ತದೆ. ಹೆಚ್ಚಿನ ಕಡಿತಗಳು ಕಾಲಿಗೇ ಆಗುತ್ತವೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳು ಹೊಲಗದ್ದೆಗಳ ಸುತ್ತಮುತ್ತ ವಾಸಿಸುವ ವಿಷಸರ್ಪಗಳಾಗಿವೆ. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವ ರೈತರು ಬರಿಗಾಲಿನಲ್ಲಿ ಹೋಗಬಾರದು. ಕರ್ನಾಟಕದಲ್ಲಿ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಲಾಯಿತು.

(ಈ) ಇಲಿ ಜ್ವರ: ಇಲಿ ಹಾಗೂ ಜಾನುವಾರುಗಳ ಮೂತ್ರ ಬೆರೆತ ನೀರಿನಲ್ಲಿರುವ ರೋಗಾಣುಗಳು ಪಾದದ ಬಿರುಕು ಮತ್ತು ಗಾಯಗಳ ಮೂಲಕ ಒಳಸೇರುತ್ತವೆ. ಮಳೆಗಾಲದಲ್ಲಿ ಗದ್ದೆ, ಚರಂಡಿ ಹಾಗೂ ನೆರೆಯ ನೀರಿನಲ್ಲಿ ಕೆಲಸ ಮಾಡುವವರಿಗೆ ಇದರ ಅಪಾಯ ಹೆಚ್ಚು.

(ಉ) ಮಣ್ಣಿನಿಂದ ಬರುವ ದೀರ್ಘಕಾಲದ ಕಾಯಿಲೆಗಳು: ಮುಳ್ಳು ಚುಚ್ಚಿದ ಜಾಗದಲ್ಲಿ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಸೇರಿ ವರ್ಷಗಟ್ಟಲೆ ಬಾತು ಕೀವು ಸೋರುವ ಕಾಯಿಲೆಯನ್ನು 1842ರಲ್ಲಿ ತಮಿಳುನಾಡಿನ ಮಧುರೈಯಲ್ಲಿ ವೈದ್ಯರೊಬ್ಬರು ದಾಖಲಿಸಿದರು. ಅಂದಿನಿಂದ ಅದಕ್ಕೆ ‘ಮಧುರಾ ಪಾದ’ ಎಂಬ ಹೆಸರಿದೆ. ಇಥಿಯೋಪಿಯಾದ ಎತ್ತರದ ಪ್ರದೇಶಗಳಲ್ಲಿ ಜ್ವಾಲಾಮುಖಿಜನ್ಯ ಕೆಂಪು ಮಣ್ಣಿನ ಮೇಲೆ ಬರಿಗಾಲಿನಲ್ಲಿ ದುಡಿಯುವವರ ಕಾಲುಗಳು ಆನೆಕಾಲಿನಂತೆ ಊದಿಕೊಳ್ಳುತ್ತವೆ. ಇದಕ್ಕೆ ಸೊಳ್ಳೆಯಾಗಲೀ ಹುಳುವಾಗಲೀ ಕಾರಣವಲ್ಲ. ಬಾಲ್ಯದಿಂದಲೇ ಶೂ ಧರಿಸಿ ಕಾಲು ತೊಳೆಯುತ್ತಿದ್ದರೆ ಈ ಕಾಯಿಲೆಯನ್ನು ತಪ್ಪಿಸಬಹುದು.

(ಊ) ಸುಟ್ಟಗಾಯ ಮತ್ತು ವಿದ್ಯುತ್ ಆಘಾತ: ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆ, ಕಲ್ಲುಹಾಸು ಮತ್ತು ತಗಡುಗಳು ಗಾಳಿಗಿಂತ ಬಹಳ ಹೆಚ್ಚು ಬಿಸಿಯಾಗಿ ಅಂಗಾಲಿನಲ್ಲಿ ಬೊಬ್ಬೆ ಏಳಿಸುತ್ತವೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಪಂಪ್‌ಸೆಟ್‌ನ ಸ್ವಿಚ್ ಅಥವಾ ಸ್ಟಾರ್ಟರ್ ಮುಟ್ಟುವುದು ಪ್ರಾಣಾಪಾಯಕಾರಿ.

4. ತಪ್ಪು ಕಲ್ಪನೆಗಳು ಮತ್ತು ವಾಸ್ತವಾಂಶಗಳು

ತಪ್ಪು ಕಲ್ಪನೆ 1: ಬೆಳಗಿನ ಇಬ್ಬನಿಯ ಹುಲ್ಲಿನ ಮೇಲೆ ನಡೆದರೆ ಕನ್ನಡಕ ಬಿಡಬಹುದು.
ವಾಸ್ತವಾಂಶ: ಅಂಗಾಲಿಗೂ ಕಣ್ಣಿನ ದೃಷ್ಟಿಗೂ ಇಂತಹ ಸಂಬಂಧವಿದೆ ಎಂಬುದಕ್ಕೆ ಆಧಾರವಿಲ್ಲ. ಮಕ್ಕಳು ಹಗಲಿನ ಬೆಳಕಿನಲ್ಲಿ ಹೊರಗೆ ಹೆಚ್ಚು ಹೊತ್ತು ಕಳೆದರೆ ಸಮೀಪದೃಷ್ಟಿ ದೋಷ ಆರಂಭವಾಗುವ ಸಂಭವ ಕಡಿಮೆಯಾಗುತ್ತದೆ ಎಂಬುದು ನಿಜ. ಅದಕ್ಕೆ ಕಾರಣ ಬೆಳಕು ಎಂದು ತಜ್ಞರು ಭಾವಿಸುತ್ತಾರೆ. ಕಾಲಿನಲ್ಲಿ ಚಪ್ಪಲಿ ಇರುವುದೂ ಇಲ್ಲದಿರುವುದೂ ಅಲ್ಲಿ ಮುಖ್ಯವಲ್ಲ. ಈಗಾಗಲೇ ಇರುವ ದೋಷಕ್ಕೆ ಕನ್ನಡಕವನ್ನೇ ಬಳಸಬೇಕು.

ತಪ್ಪು ಕಲ್ಪನೆ 2: ಭೂಮಿಯ ವಿದ್ಯುತ್ ಶಕ್ತಿ ಅಂಗಾಲಿನ ಮೂಲಕ ದೇಹಕ್ಕೆ ಹರಿದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉರಿಯೂತಗಳನ್ನು ಗುಣಪಡಿಸುತ್ತದೆ.
ವಾಸ್ತವಾಂಶ: ಈ ಪ್ರತಿಪಾದನೆಗೆ ಆಧಾರವೆಂದು ಹೇಳಲಾಗುವ ಅಧ್ಯಯನಗಳು ಬಹಳ ಸಣ್ಣವು. ಅವುಗಳಿಂದ ಯಾವ ಕಾಯಿಲೆಯೂ ಗುಣವಾಗುವುದು ದೃಢಪಟ್ಟಿಲ್ಲ. ಅರ್ಧ ಗಂಟೆಯ ನಡಿಗೆಯಿಂದ ಆಗುವ ಲಾಭ ಚಪ್ಪಲಿ ಧರಿಸಿ ನಡೆದರೂ ದೊರೆಯುತ್ತದೆ. ಬರಿಗಾಲಿನ ನಡಿಗೆಯನ್ನು ನಂಬಿ ಔಷಧಿಯನ್ನು ನಿಲ್ಲಿಸಬಾರದು.

ತಪ್ಪು ಕಲ್ಪನೆ 3: ತಣ್ಣನೆಯ ನೆಲದ ಮೇಲೆ ಬರಿಗಾಲಿಟ್ಟರೆ ನೆಗಡಿ ಬರುತ್ತದೆ.
ವಾಸ್ತವಾಂಶ: ನೆಗಡಿಗೆ ಕಾರಣ ವೈರಾಣುಗಳು. ಆದರೆ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 2005ರಲ್ಲಿ ವರದಿಯಾದ ಪ್ರಯೋಗದಲ್ಲಿ 90 ಮಂದಿ ತಣ್ಣೀರಿನಲ್ಲಿ 20 ನಿಮಿಷ ಪಾದ ಇಳಿಬಿಟ್ಟು ಕುಳಿತರು. ಮುಂದಿನ ನಾಲ್ಕೈದು ದಿನಗಳಲ್ಲಿ ಅವರಲ್ಲಿ 13 ಮಂದಿ ನೆಗಡಿಯಾಗಿದೆ ಎಂದರು. ಪಾದ ನೆನೆಸದ 90 ಮಂದಿಯಲ್ಲಿ ಹಾಗೆಂದವರು 5 ಮಂದಿ. ದೇಹದಲ್ಲಿ ಆಗಲೇ ಇದ್ದ ವೈರಾಣು ಚಳಿಯಿಂದ ಪ್ರಬಲವಾಗಿರಬಹುದು ಎಂಬುದು ಸಂಶೋಧಕರ ಊಹೆ. ಮನೆಯ ನೆಲದ ಮೇಲೆ ಓಡಾಡುವುದಕ್ಕೆ ಹೆದರಬೇಕಾಗಿಲ್ಲ.

ತಪ್ಪು ಕಲ್ಪನೆ 4: ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಮಾತ್ರ ಧನುರ್ವಾಯು ಬರುತ್ತದೆ, ಪ್ರತಿ ಗಾಯಕ್ಕೂ ಹೊಸ ಚುಚ್ಚುಮದ್ದು ಬೇಕು.
ವಾಸ್ತವಾಂಶ: ತುಕ್ಕು ಕಾರಣವಲ್ಲ. ಗಾಯಕ್ಕೆ ಸೇರುವ ಮಣ್ಣಿನ ರೋಗಾಣು ಕಾರಣ. ಹೊಳೆಯುವ ಮೊಳೆ ಅಥವಾ ಜಾಲಿಮುಳ್ಳಿನಿಂದಲೂ ರೋಗ ಬರಬಹುದು. ಪೂರ್ಣ ಲಸಿಕೆ ಪಡೆದು, ಕೊನೆಯ ಚುಚ್ಚುಮದ್ದಿಗೆ 5 ವರ್ಷ ತುಂಬದಿದ್ದವರಿಗೆ ಸಾಮಾನ್ಯವಾಗಿ ಮತ್ತೊಂದು ಚುಚ್ಚುಮದ್ದು ಬೇಕಾಗುವುದಿಲ್ಲ. ದಾಖಲೆ ಇಲ್ಲದವರು ವೈದ್ಯರನ್ನು ಕಾಣಬೇಕು.

ತಪ್ಪು ಕಲ್ಪನೆ 5: ಬರಿಗಾಲಿನಲ್ಲಿ ನಡೆದು ಚರ್ಮ ದಪ್ಪಗಾದರೆ ಸ್ಪರ್ಶಜ್ಞಾನ ಹೋಗುತ್ತದೆ.
ವಾಸ್ತವಾಂಶ: ಕೀನ್ಯಾ ಮತ್ತು ಅಮೆರಿಕದ ಜನರ ಪಾದಗಳನ್ನು ಹೋಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಗಾಲಿನವರ ಚರ್ಮ ದಪ್ಪವಾಗಿದ್ದರೂ ಅವರ ಅಂಗಾಲಿನ ಸಂವೇದನೆ ಕುಂದಿರಲಿಲ್ಲ. ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಅದಕ್ಕೆ ಚರ್ಮದ ದಪ್ಪ ಕಾರಣವೆಂದು ಸುಮ್ಮನಿರದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ತಪ್ಪು ಕಲ್ಪನೆ 6: ರಬ್ಬರ್ ಚಪ್ಪಲಿ ಧರಿಸಿದ್ದರೆ ಸಿಡಿಲು ತಗಲುವುದಿಲ್ಲ.
ವಾಸ್ತವಾಂಶ: ಮೈಲುಗಟ್ಟಲೆ ಗಾಳಿಯನ್ನು ಭೇದಿಸಿ ಬರುವ ಸಿಡಿಲಿಗೆ ಚಪ್ಪಲಿಯ ರಬ್ಬರ್ ಅಡ್ಡಿಯಾಗಲಾರದು. ಗುಡುಗು ಕೇಳಿದೊಡನೆ ಬಯಲನ್ನು ಬಿಟ್ಟು ಭದ್ರವಾದ ಕಟ್ಟಡವನ್ನು ಸೇರಬೇಕು.

ತಪ್ಪು ಕಲ್ಪನೆ 7: ಚಪ್ಪಲಿ ಧರಿಸಿ ಅಥವಾ ಬರಿಗಾಲಿನಲ್ಲಿ ವಾಹನ ಚಲಾಯಿಸಿದರೆ ದಂಡ ಬೀಳುತ್ತದೆ.
ವಾಸ್ತವಾಂಶ: ಮೋಟಾರು ವಾಹನಗಳ ಅಧಿನಿಯಮ, 1988ರಲ್ಲಿ ಅಂತಹ ಉಪಬಂಧವಿಲ್ಲ. ಚಪ್ಪಲಿ ಧರಿಸಿ ಚಲಾಯಿಸಿದರೆ ದಂಡವೆಂಬುದು ವದಂತಿ ಎಂದು ಕೇಂದ್ರ ಸಾರಿಗೆ ಸಚಿವರ ಕಚೇರಿ 2019ರಲ್ಲಿ ಸ್ಪಷ್ಟಪಡಿಸಿತು. ಆದರೂ ದ್ವಿಚಕ್ರ ವಾಹನ ಸವಾರರ ಪಾದಗಳಿಗೆ ಮುಚ್ಚಿದ ಶೂಗಳೇ ರಕ್ಷಣೆ.

ತಪ್ಪು ಕಲ್ಪನೆ 8: ಬರಿಗಾಲಿನ ಓಟಗಾರರಿಗೆ ಪೆಟ್ಟಾಗುವುದಿಲ್ಲ.
ವಾಸ್ತವಾಂಶ: ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಅನ್ನು ಬರಿಗಾಲಿನಲ್ಲಿ ಓಡಿ ಗೆದ್ದರು. 1964ರಲ್ಲಿ ಟೋಕಿಯೋದಲ್ಲಿ ಶೂ ಧರಿಸಿ ಮತ್ತೆ ಗೆದ್ದರು, ಅದೂ ಇನ್ನಷ್ಟು ವೇಗವಾಗಿ. ಬರಿಗಾಲಿನ ಓಟಗಾರರು ಹಿಮ್ಮಡಿಗಿಂತ ಪಾದದ ಮುಂಭಾಗವನ್ನು ಮೊದಲು ಊರುವುದರಿಂದ ಹಿಮ್ಮಡಿಯ ಆಘಾತ ಕಡಿಮೆ ಎಂಬುದು ನಿಜ. ಆದರೆ ಅಭ್ಯಾಸವಿಲ್ಲದವರು ಅವಸರದಿಂದ ಆರಂಭಿಸಿದರೆ ಹಾನಿಯುಂಟು. 2013ರ ಅಧ್ಯಯನವೊಂದರಲ್ಲಿ ಬರಿಗಾಲಿನಂತಹ ತೆಳು ಶೂಗಳಿಗೆ 10 ವಾರಗಳಲ್ಲಿ ಬದಲಾಯಿಸಿಕೊಂಡ 19 ಓಟಗಾರರಲ್ಲಿ 10 ಮಂದಿಯ ಪಾದದ ಮೂಳೆಗಳಲ್ಲಿ ಬಾವು ಕಂಡುಬಂದಿತು.

5. ಬರಿಗಾಲಿನಲ್ಲಿ ನಡೆಯಲೇಬಾರದವರು

ಕೆಳಕಂಡವರು ಮನೆಯೊಳಗೂ ಪಾದರಕ್ಷೆ ಧರಿಸುವುದು ಅತ್ಯಗತ್ಯ.

• ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು
• ಕುಷ್ಠರೋಗದಿಂದ ಪಾದದ ಸಂವೇದನೆ ಕಳೆದುಕೊಂಡವರು
• ಕಾಲಿನ ರಕ್ತ ಸಂಚಾರ ಕಡಿಮೆ ಇರುವವರು
• ಪಾದದಲ್ಲಿ ಹುಣ್ಣು ಇರುವವರು ಅಥವಾ ಹಿಂದೆ ಹುಣ್ಣಾಗಿ ವಾಸಿಯಾದವರು

ಭಾರತದಲ್ಲಿ 2021ರ ಹೊತ್ತಿಗೆ 10.1 ಕೋಟಿ ಮಂದಿಗೆ ಮಧುಮೇಹವಿತ್ತೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ ಅಂದಾಜಿಸಿದೆ. ಹಲವು ವರ್ಷ ಸಕ್ಕರೆಯ ಅಂಶ ಹೆಚ್ಚಾಗಿದ್ದರೆ ಪಾದದ ನರಗಳು ಹಾಳಾಗುತ್ತವೆ. ಆಗ ಮುಳ್ಳು ಚುಚ್ಚಿದರೂ, ಕೆಂಡ ತಗಲಿದರೂ ನೋವು ತಿಳಿಯುವುದಿಲ್ಲ. ನೋವಿಲ್ಲದ ಕಾರಣ ವ್ಯಕ್ತಿ ಅದೇ ಗಾಯದ ಮೇಲೆ ದಿನವಿಡೀ ಓಡಾಡುತ್ತಾನೆ. ಗಾಯ ಕೀವಾಗಿ, ಮೂಳೆಗೆ ಹರಡಿ, ಕೊನೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗುತ್ತದೆ. ಎಲ್ಲಕ್ಕೂ ಮೊದಲು ಇದ್ದದ್ದು ಕಣ್ಣಿಗೆ ಬೀಳದ ಒಂದು ಸಣ್ಣ ಮುಳ್ಳು ಮಾತ್ರ.

1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಡಾ. ಪಾಲ್ ಬ್ರಾಂಡ್, ಕುಷ್ಠರೋಗಿಗಳ ಕೈಕಾಲುಗಳು ರೋಗದಿಂದ ತಾವಾಗಿ ಕೊಳೆತು ಬೀಳುವುದಿಲ್ಲ, ನೋವು ಅರಿಯದ ಕಾರಣ ಆಗುವ ಗಾಯಗಳಿಂದ ನಶಿಸುತ್ತವೆ ಎಂದು ತೋರಿಸಿಕೊಟ್ಟರು. ಆ ತಿಳಿವಳಿಕೆಯ ಫಲವಾಗಿಯೇ ಮೃದುವಾದ ರಬ್ಬರ್ ಅಡಿಯುಳ್ಳ ವಿಶೇಷ ಪಾದರಕ್ಷೆಗಳು ಬಳಕೆಗೆ ಬಂದವು. ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ಸಂವೇದನೆ ಕಳೆದುಕೊಂಡ ರೋಗಿಗಳಿಗೆ ಎಂ.ಸಿ.ಆರ್. ಪಾದರಕ್ಷೆಗಳನ್ನು ಉಚಿತವಾಗಿ ನೀಡಲಾಗುತ್ತದೆ.

ಮಧುಮೇಹಿಗಳು ಪಾಲಿಸಬೇಕಾದ ಕ್ರಮಗಳು:

1. ಪ್ರತಿದಿನ ಮಲಗುವ ಮುನ್ನ ಅಂಗಾಲು ಮತ್ತು ಬೆರಳ ಸಂದಿಗಳನ್ನು ನೋಡಿಕೊಳ್ಳುವುದು. ಬಗ್ಗಲಾಗದವರು ಕನ್ನಡಿಯ ಅಥವಾ ಮನೆಯವರ ನೆರವು ಪಡೆಯುವುದು.
2. ಪಾದರಕ್ಷೆಗೆ ಕಾಲಿಡುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು.
3. ಬಿಸಿನೀರಿನ ಶಾಖವನ್ನು ಪಾದದಿಂದ ಪರೀಕ್ಷಿಸದೆ ಮೊಣಕೈಯಿಂದ ಪರೀಕ್ಷಿಸುವುದು.
4. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳದಿರುವುದು.
5. ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದದ ಸಂವೇದನಾ ಪರೀಕ್ಷೆ ಮಾಡಿಸಿಕೊಳ್ಳುವುದು. ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಮಾಡುವ ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ನೋವಿರುವುದಿಲ್ಲ.

ವೃದ್ಧರು ನುಣುಪಾದ ಟೈಲ್ಸ್ ನೆಲದ ಮೇಲೆ ಬರಿಗಾಲಿನಲ್ಲಿ, ಅದಕ್ಕಿಂತ ಮುಖ್ಯವಾಗಿ ಕಾಲುಚೀಲ ಮಾತ್ರ ಧರಿಸಿ ಓಡಾಡಿದರೆ ಜಾರಿ ಬೀಳುವ ಸಂಭವವಿದೆ. ಹಿಮ್ಮಡಿಯನ್ನು ಹಿಡಿದಿಡುವ, ಜಾರದ ಅಡಿಯ ಪಾದರಕ್ಷೆಯನ್ನು ಅವರು ಮನೆಯೊಳಗೂ ಬಳಸುವುದು ಒಳ್ಳೆಯದು.

6. ಎಲ್ಲಿ ನಡೆಯಬಹುದು, ಎಲ್ಲಿ ನಡೆಯಬಾರದು

ನಡೆಯಬಹುದಾದ ಸ್ಥಳಗಳು: ಮನೆಯ ಒಳಾಂಗಣ, ಗುಡಿಸಿದ ಅಂಗಳ, ಸ್ವಚ್ಛವಾಗಿಟ್ಟ ಹುಲ್ಲುಹಾಸು, ಗಾಜು ಮತ್ತು ಕಸವಿಲ್ಲದ ಒದ್ದೆ ಮರಳು.

ನಡೆಯಬಾರದ ಸ್ಥಳಗಳು: ಶೌಚಾಲಯ, ಚರಂಡಿಯ ಬದಿ, ಬಯಲು ಶೌಚದ ಜಾಗ, ಕಸದ ರಾಶಿ, ದನದ ಕೊಟ್ಟಿಗೆ, ಕಟ್ಟಡ ಕಾಮಗಾರಿಯ ಸ್ಥಳ, ನೆರೆ ನೀರು, ರಾತ್ರಿ ವೇಳೆ ಹೊಲ ಮತ್ತು ತೋಟ, ನಾಯಿ ಬೆಕ್ಕುಗಳು ಮಲ ಮಾಡುವ ಮರಳು. ನಾಯಿ ಬೆಕ್ಕುಗಳ ಕೊಕ್ಕೆಹುಳುವಿನ ಮರಿಗಳು ಮನುಷ್ಯನ ಚರ್ಮದೊಳಗೆ ಹಾವಿನಂತೆ ಹರಿದಾಡುವ ತುರಿಕೆಯ ಗೆರೆಗಳನ್ನು ಉಂಟುಮಾಡುತ್ತವೆ. ಸಾರ್ವಜನಿಕ ಸ್ನಾನಗೃಹ ಮತ್ತು ಈಜುಕೊಳದ ಸುತ್ತಲೂ ಚಪ್ಪಲಿ ಧರಿಸಬೇಕು.

ಪೌರಕಾರ್ಮಿಕರು, ಕಟ್ಟಡ ಕಾರ್ಮಿಕರು ಮತ್ತು ಗದ್ದೆಯಲ್ಲಿ ದುಡಿಯುವವರಿಗೆ ಗಂಬೂಟು ಅಥವಾ ಗಟ್ಟಿ ಶೂ ಜೀವರಕ್ಷಕ ಸಾಧನ. ಕೆಸರಿನಲ್ಲಿ ಗಂಬೂಟು ಧರಿಸಿ ನಡೆಯುವುದು ಕಷ್ಟವೆನ್ನುವ ರೈತರು, ಕೆಲಸ ಮುಗಿದೊಡನೆ ಸೋಪಿನಿಂದ ಕಾಲು ತೊಳೆದು ಬೆರಳ ಸಂದಿ ಒರೆಸಿಕೊಂಡರೆ ಕೆಸರುಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದು. ಕಾಲಿನಲ್ಲಿ ಗಾಯವಿದ್ದಾಗ ಗದ್ದೆಗೆ ಇಳಿಯಬಾರದು.

7. ಹೊಸದಾಗಿ ಆರಂಭಿಸುವವರಿಗೆ ಸಲಹೆ

ವರ್ಷಗಳಿಂದ ಶೂ ಧರಿಸಿದವರು ಮೊದಲ ವಾರ ದಿನಕ್ಕೆ 10 ನಿಮಿಷ ಮಾತ್ರ ಮೆದುವಾದ ಸಮತಟ್ಟು ನೆಲದ ಮೇಲೆ ನಡೆಯುವುದು. ನಂತರ ವಾರಕ್ಕೆ ಕೆಲವು ನಿಮಿಷಗಳಂತೆ ಹೆಚ್ಚಿಸುವುದು. ಮೀನಖಂಡ, ಹಿಮ್ಮಡಿ ಅಥವಾ ಪಾದದ ಮೇಲ್ಭಾಗದಲ್ಲಿ ನೋವು ಕಂಡರೆ ನಿಲ್ಲಿಸಿ ವಿಶ್ರಾಂತಿ ಪಡೆಯುವುದು. ನಡೆಯುವಾಗ ದೃಷ್ಟಿ ನೆಲದ ಮೇಲಿರಲಿ. ನಡಿಗೆಯ ನಂತರ ಪಾದ ತೊಳೆದು ಒರೆಸಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿದರೆ ಬಿರುಕು ಬಿಡುವುದಿಲ್ಲ. ಬೆರಳ ಸಂದಿಗೆ ಎಣ್ಣೆ ಹಚ್ಚಬಾರದು.

8. ಪಾದಯಾತ್ರಿಗಳಿಗೆ ಸೂಚನೆಗಳು

ಮಲೆ ಮಹದೇಶ್ವರ ಬೆಟ್ಟ, ಧರ್ಮಸ್ಥಳ, ಶ್ರೀಶೈಲ ಮತ್ತು ಶಬರಿಮಲೆಗೆ ರಾಜ್ಯದ ಸಾವಿರಾರು ಭಕ್ತರು ಪ್ರತಿವರ್ಷ ನಡೆದು ಹೋಗುತ್ತಾರೆ. ಹಲವರು ಹರಕೆಯಂತೆ ಬರಿಗಾಲಿನಲ್ಲಿಯೇ ನಡೆಯುತ್ತಾರೆ. ಶ್ರೀಶೈಲದ ಯಾತ್ರೆ ಯುಗಾದಿಯ ಮುಂಚಿನ ಬಿಸಿಲಿನಲ್ಲಿ ನಡೆಯುವುದರಿಂದ ಹೆಚ್ಚಿನ ಎಚ್ಚರಿಕೆ ಬೇಕು.

• ಯಾತ್ರೆಗೆ ತಿಂಗಳ ಮೊದಲೇ ಬರಿಗಾಲಿನ ನಡಿಗೆಯನ್ನು ಅಭ್ಯಾಸ ಮಾಡಿಕೊಳ್ಳುವುದು.
• ಬೆಳಗಿನ ಜಾವ ಮತ್ತು ಸಂಜೆ ನಡೆದು, ಮಧ್ಯಾಹ್ನ ನೆರಳಿನಲ್ಲಿ ತಂಗುವುದು. ರಾತ್ರಿ ಟಾರ್ಚ್ ಬಳಸುವುದು.
• ಬೊಬ್ಬೆ ಎದ್ದರೆ ಒಡೆಯದೆ ಶುಭ್ರವಾದ ಬಟ್ಟೆಯಿಂದ ಮುಚ್ಚುವುದು. ತಾನಾಗಿ ಒಡೆದರೆ ತೊಳೆದು ಪಟ್ಟಿ ಕಟ್ಟುವುದು.
• ಮಧುಮೇಹಿಗಳು ಬರಿಗಾಲಿನ ಹರಕೆಯನ್ನು ಕೈಗೊಳ್ಳುವ ಮುನ್ನ ವೈದ್ಯರ ಸಲಹೆ ಪಡೆಯುವುದು. ಪಾದದ ಸಂವೇದನೆ ಕುಂದಿದವರು ಪಾದರಕ್ಷೆ ಧರಿಸಿಯೇ ಯಾತ್ರೆ ಪೂರೈಸತಕ್ಕದ್ದು.

9. ಪ್ರಥಮ ಚಿಕಿತ್ಸೆ

ಮುಳ್ಳು ಅಥವಾ ಗಾಜು ಚುಚ್ಚಿದಲ್ಲಿ: ಹರಿಯುವ ನೀರು ಮತ್ತು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಮೇಲ್ಭಾಗದಲ್ಲಿ ಕಾಣುವ ಮುಳ್ಳನ್ನು ಮಾತ್ರ ಶುದ್ಧವಾದ ಚಿಮಟದಿಂದ ತೆಗೆಯಿರಿ. ಆಳವಾಗಿದ್ದರೆ ಪಿನ್ನಿನಿಂದ ಕೆದಕಬೇಡಿ. ಅರಿಶಿನ, ಸುಣ್ಣ, ಸಗಣಿ, ಕಾಫಿಪುಡಿ ಹಚ್ಚಬೇಡಿ. 24 ಗಂಟೆಯೊಳಗೆ ಆರೋಗ್ಯ ಕೇಂದ್ರಕ್ಕೆ ಹೋಗಿ.

ಹಾವು ಕಡಿದಲ್ಲಿ: ರೋಗಿಗೆ ಧೈರ್ಯ ಹೇಳಿ, ಕಡಿತಕ್ಕೊಳಗಾದ ಕಾಲನ್ನು ಅಲುಗಾಡಿಸದಂತೆ ಇರಿಸಿ. ಕಾಲುಂಗುರ, ಕಾಲ್ಗೆಜ್ಜೆ ತೆಗೆಯಿರಿ. ಗಾಯವನ್ನು ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಾಗಿ ಕಟ್ಟಬೇಡಿ. ಮಂತ್ರ ಹಾಗೂ ನಾಟಿ ಔಷಧಿಗಾಗಿ ಸಮಯ ಕಳೆಯದೆ 108ಕ್ಕೆ ಕರೆ ಮಾಡಿ, ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.

10. ಬರಿಗಾಲು ಮತ್ತು ಸಾಮಾಜಿಕ ಗೌರವ

ಬರಿಗಾಲು ಯಾರ ಘನತೆಯನ್ನೂ ಕುಂದಿಸುವುದಿಲ್ಲ. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಉತ್ತರ ಕನ್ನಡದ ವೃಕ್ಷಪಾಲಕಿ ತುಳಸಿ ಗೌಡ ಹಾಗೂ ಕಿತ್ತಳೆ ಮಾರಿದ ಹಣದಿಂದ ಶಾಲೆ ಕಟ್ಟಿಸಿದ ದಕ್ಷಿಣ ಕನ್ನಡದ ಹರೇಕಳ ಹಾಜಬ್ಬ ಇಬ್ಬರೂ ಬರಿಗಾಲಿನಲ್ಲಿಯೇ ನಡೆದುಬಂದು ಪದ್ಮಶ್ರೀ ಪ್ರಶಸ್ತಿ ಸ್ವೀಕರಿಸಿದರು.

ಅದೇ ವೇಳೆ, ಬರಿಗಾಲು ಸ್ವಂತ ಆಯ್ಕೆಯಾಗಿರಬೇಕೇ ಹೊರತು ಬೇರೊಬ್ಬರ ಬಲವಂತವಾಗಿರಬಾರದು. ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕೆಂಬ ಕಟ್ಟುಪಾಡು ನಮ್ಮ ದೇಶದ ಹಲವೆಡೆ ಪರಿಶಿಷ್ಟ ಜಾತಿಯ ಜನರ ಮೇಲೆ ಹೇರಲ್ಪಟ್ಟಿತ್ತು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ಪ್ರತಿಬಂಧ) ಅಧಿನಿಯಮ, 1989ಕ್ಕೆ ತಂದ 2015ರ ತಿದ್ದುಪಡಿಯು 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರಂತೆ ಈ ಸಮುದಾಯಗಳವರು ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಧರಿಸುವುದನ್ನು ಇತರರು ತಡೆಯುವುದು ಶಿಕ್ಷಾರ್ಹ ಅಪರಾಧವಾಗಿದೆ. ಬಡತನದ ಕಾರಣ ಮಕ್ಕಳು ಬರಿಗಾಲಿನಲ್ಲಿ ಶಾಲೆಗೆ ಬರುವಂತಾಗಬಾರದೆಂದು ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಉಚಿತ ಶೂ ಮತ್ತು ಕಾಲುಚೀಲ ನೀಡುವ ಯೋಜನೆಯನ್ನು 2015–16ರಲ್ಲಿ ಆರಂಭಿಸಲಾಯಿತು. ಶಾಲೆಯ ದಾರಿಯಲ್ಲಿ ಶೂ, ಮನೆಯಂಗಳದ ಆಟದಲ್ಲಿ ಬರಿಗಾಲು ಎಂಬುದು ಮಕ್ಕಳಿಗೆ ಹಿತವಾದ ಕ್ರಮ.

ನೆನಪಿಡಬೇಕಾದ ಅಂಶಗಳು

• ಪಾದದ ಸಂವೇದನೆ ಸರಿಯಿರುವವರಿಗೆ, ಸ್ವಚ್ಛವಾದ ನೆಲದ ಮೇಲೆ ಬರಿಗಾಲಿನ ನಡಿಗೆ ಒಳ್ಳೆಯದು.
• ಬರಿಗಾಲಿನ ನಡಿಗೆ ಯಾವ ಕಾಯಿಲೆಗೂ ಔಷಧಿಯಲ್ಲ.
• ಸಂವೇದನೆ ಕಳೆದುಕೊಂಡ ಪಾದಕ್ಕೆ ಪಾದರಕ್ಷೆಯೇ ಕಾವಲು.
• ಪಾದದಲ್ಲಿ ಜೋಮು, ಉರಿ, ಬಣ್ಣ ಬದಲಾವಣೆ ಅಥವಾ ಒಂದು ವಾರದಲ್ಲಿ ಮಾಯದ ಗಾಯ ಕಂಡುಬಂದಲ್ಲಿ ತಡಮಾಡದೆ ವೈದ್ಯರನ್ನು ಕಾಣುವುದು. ಮಧುಮೇಹಿಗಳು ಯಾವುದೇ ಗಾಯಕ್ಕೂ ಅದೇ ದಿನ ಚಿಕಿತ್ಸೆ ಪಡೆಯುವುದು.

30 ವರ್ಷ ಮೇಲ್ಪಟ್ಟ ಎಲ್ಲರೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಧುಮೇಹದ ಉಚಿತ ತಪಾಸಣೆ ಮಾಡಿಸಿಕೊಳ್ಳಬಹುದು. ಹೆಚ್ಚಿನ ವಿವರಗಳಿಗೆ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.